ನಾಕಾಬಂದಿಯ ಐವತ್ತು ಮೀಟರ್

ರಾತ್ರಿ ಹತ್ತರ ಮೇಲೆ ಕಳಂಬೋಲಿಯ ಮ್ಯಾಕ್‌ಡೊನಾಲ್ಡ್ಸ್ ಮುಂದೆ ನಿಂತರೆ ಕನ್ನಡ ಕಿವಿಗೆ ಬೀಳದೇ ಇರುವುದಿಲ್ಲ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರದ ಬಸ್ಸಿಗೆ ಕಾಯುವವರು ಬ್ಯಾಗಿನ ಮೇಲೆ ಕೂತು ಊರಿನ ಮಳೆ-ಬೆಳೆ ಮಾತಾಡುತ್ತಿರುತ್ತಾರೆ. ಮುಂಬೈ–ಪುಣೆ ಎಕ್ಸ್‌ಪ್ರೆಸ್‌ವೇ ಶುರುವಾಗುವುದು ಇಲ್ಲಿಂದ. ಉಕ್ಕಿನ ಮಾರುಕಟ್ಟೆ ಇಲ್ಲೇ ಇದೆ, ತಳೋಜಾ ಕೈಗಾರಿಕಾ ಪ್ರದೇಶ ಪಕ್ಕದಲ್ಲಿದೆ, ಉರಣದ ಬಂದರಿನ ಕಂಟೇನರ್‌ಗಳು ಹಾಯುವುದೂ ಇದೇ ಬದಿಯಲ್ಲಿ. ಇಷ್ಟು ಗಾಡಿ ಓಡಾಡುವ ಕಡೆ ಪೊಲೀಸರ ಬ್ಯಾರಿಕೇಡ್ ಇರುವುದೂ ಸಹಜ. ಇಲ್ಲಿ ಅದಕ್ಕೆ ನಾಕಾಬಂದಿ ಎನ್ನುತ್ತಾರೆ. ‘ಗಾಡಿ ಸಾಯಿಡ್‌ಲಾ ಘ್ಯಾ’ ಎಂಬುದು ಮರಾಠಿ ಬಾರದ ನಮ್ಮ ಡ್ರೈವರ್‌ಗಳೂ ಮೊದಲ ವಾರದಲ್ಲೇ ಕಲಿಯುವ ಮಾತು.

ಉಕ್ಕಿನ ಮಾರುಕಟ್ಟೆಯ ಒಂದು ಟ್ರಾನ್ಸ್‌ಪೋರ್ಟ್ ಕಚೇರಿಯಲ್ಲಿ ಗಾಡಿಗಳ ಓಡಾಟ ನೋಡಿಕೊಳ್ಳುವುದು ನನ್ನ ಕೆಲಸ. ಯಾವ ಟ್ರೇಲರ್ ಎಲ್ಲಿದೆ, ಬಿಲ್ಟಿ ಸರಿ ಇದೆಯೇ, ಇ-ವೇ ಬಿಲ್ಲಿನ ಅವಧಿ ಮುಗಿಯಿತೇ ಎಂಬುದೇ ದಿನದ ಲೆಕ್ಕ. ನಡುರಾತ್ರಿ ಫೋನ್ ಬಂದರೆ ಕಾರಣ ಮೂರೇ: ಟೈರ್, ಅಪಘಾತ, ಇಲ್ಲವೇ ಪೊಲೀಸ್. ಹೋದ ವರ್ಷ ಮಳೆಗಾಲದಲ್ಲಿ ಬಂದ ಒಂದು ಫೋನಿನ ನಂತರ ಈ ನಾಕಾಬಂದಿಯ ಬಗ್ಗೆ ಯೋಚಿಸುವುದನ್ನು ನಿಲ್ಲಿಸಲು ನನಗೆ ಆಗಿಲ್ಲ.

ಮಾಡಿದ್ದು ಇಂಡಿ ತಾಲ್ಲೂಕಿನ ನಮ್ಮ ಡ್ರೈವರ್. ಇಪ್ಪತ್ತು ವರ್ಷ ಸ್ಟೇರಿಂಗ್ ಹಿಡಿದ ಮನುಷ್ಯ. ಇಪ್ಪತ್ತೈದು ಟನ್ ಸ್ಟೀಲ್ ಕಾಯಿಲ್ ಹೇರಿಕೊಂಡು ಧಾರವಾಡದ ಕಡೆ ಹೊರಟಿದ್ದರು. ಯಾವ ಊರು, ಯಾವ ಠಾಣೆ ಎಂಬುದು ಇಲ್ಲಿ ಬೇಡ, ದಾರಿಯಲ್ಲಿ ಒಂದು ಕಡೆ ಎಂದಿಟ್ಟುಕೊಳ್ಳಿ. ತಿರುವು ದಾಟಿದ ಕೂಡಲೇ ಬ್ಯಾರಿಕೇಡ್. ಮೇಲೆ ದೀಪವಿಲ್ಲ, ಮುಂಚೆ ಫಲಕವಿಲ್ಲ, ಜಿಟಿಜಿಟಿ ಮಳೆ. ಯಾರೋ ಟಾರ್ಚ್ ಬೀಸಿದ್ದು ಕಂಡು ಬ್ರೇಕ್ ಒತ್ತಿದ್ದಾರೆ. ಗಾಡಿ ನಿಂತದ್ದು ಬ್ಯಾರಿಕೇಡಿನ ಪಕ್ಕದ ಸಂದಿಯಲ್ಲಿ ಹಾಯ್ದು, ಒಂದು ಲಾರಿಯ ಉದ್ದ ಆಚೆಗೆ. ತಪ್ಪಿಸಿಕೊಂಡು ಹೋಗುತ್ತಿದ್ದಾನೆ ಎಂದುಕೊಂಡ ಸಿಬ್ಬಂದಿಯೊಬ್ಬರು ಮೆಟ್ಟಿಲು ಹತ್ತಿ, ಕಿಟಕಿಯಿಂದ ಒಳಕ್ಕೆ ಲಾಠಿ ಬೀಸಿ, ಕೀಲಿ ಕಿತ್ತುಕೊಂಡರು. ಆಮೇಲೆ ಕಾಗದ ನೋಡಿದರು. ಎಲ್ಲವೂ ಸರಿ ಇತ್ತು. ಒಂದು ಗಂಟೆಯ ನಂತರ ‘ಹೋಗು’ ಎಂದರು.

‘ಬ್ರೇಕ್ ಹಾಕಿದ್ನಿರಿ ಸರ, ಕಾಯಿಲ್ ಗಾಡಿ ಗಪ್ ಅಂತ ನಿಂದ್ರತದೇನ್ರಿ?’ ಎಂದರು ಫೋನಿನಲ್ಲಿ. ನಾನು ಮೊದಲು ಕೇಳಿದ ಪ್ರಶ್ನೆ ಇವತ್ತಿಗೂ ನೆನಪಿದೆ: ‘ಕಾಯಿಲ್ ಸರಿ ಅದಾವಲ್ರಿ? ಸರಪಳಿ ಬಿಚ್ಚಿಲ್ಲಲ್ಲ?’ ಕೈಯ ಬಗ್ಗೆ ಕೇಳಿದ್ದು ಆಮೇಲೆ. ಮೊಣಕೈ ಮೂಳೆ ಬಿರುಕು ಬಿಟ್ಟಿತ್ತು. ಒಂದೂವರೆ ತಿಂಗಳು ಪ್ಲಾಸ್ಟರ್. ದೂರು ಕೊಡೋಣವೇ ಎಂದು ಕೇಳಿದಾಗ ಅವರೇ ಬೇಡವೆಂದರು: ‘ನಾಳೆ ಅದ ದಾರೀಲೆ ಹೋಗಬೇಕಲ್ರಿ.’ ನನಗೂ ಒಳಗೊಳಗೆ ನಿರಾಳವೇ ಆಯಿತು. ಮಾಲು ಹೊತ್ತಿಗೆ ಮುಟ್ಟಿತ್ತು.

ಬ್ರೇಕಿನ ಲೆಕ್ಕ

ಗಂಟೆಗೆ 60 ಕಿ.ಮೀ. ವೇಗ ಎಂದರೆ ಸೆಕೆಂಡಿಗೆ ಹದಿನಾರರಿಂದ ಹದಿನೇಳು ಮೀಟರ್. ಕಣ್ಣು ಕಂಡು, ತಲೆಗೆ ಹೊಳೆದು, ಕಾಲು ಬ್ರೇಕಿಗೆ ಹೋಗುವಷ್ಟರಲ್ಲಿ ಒಂದೂವರೆ ಸೆಕೆಂಡ್ ಕಳೆದರೆ ಗಾಡಿ 25 ಮೀಟರ್ ಮುಂದೆ ಬಂದಾಗಿರುತ್ತದೆ. ಆಮೇಲೆ ಬ್ರೇಕ್ ಹಿಡಿದು ನಿಲ್ಲಲು, ಲೋಡ್ ಗಾಡಿಗೆ ಒಣ ರಸ್ತೆಯಲ್ಲೇ ಮತ್ತೆ ಸುಮಾರು 30 ಮೀಟರ್ ಬೇಕು. ಒಟ್ಟು ಐವತ್ತು ಮೀಟರ್ ದಾಟಿತು. ವೇಗ 80 ಆದರೆ ಈ ಲೆಕ್ಕ 85–90 ಮೀಟರಿಗೆ ಹೋಗುತ್ತದೆ. ಮಳೆ ಬಂದರೆ ಇನ್ನೂ ಹೆಚ್ಚು.

ಕಾಯಿಲ್ ಗಾಡಿಯ ಕಷ್ಟ ಬೇರೆಯೇ. ಚಕ್ರದಂತೆ ಸುತ್ತಿದ ಉಕ್ಕಿನ ಹಾಳೆ ಅದು. ಒಂದೊಂದೂ ಹಲವು ಟನ್. ಜೋರಾಗಿ ಬ್ರೇಕ್ ಹೊಡೆದರೆ ಸರಪಳಿ ಹರಿದು ಕಾಯಿಲ್ ಮುಂದಕ್ಕೆ ನುಗ್ಗಿ ಕ್ಯಾಬಿನ್ನನ್ನೇ ಅಪ್ಪಚ್ಚಿ ಮಾಡುತ್ತದೆ. ಈ ಮಾರುಕಟ್ಟೆಯಲ್ಲಿ ಕೆಲಸ ಮಾಡುವ ಪ್ರತಿಯೊಬ್ಬರಿಗೂ ಅದು ಗೊತ್ತು. ಹಾಗಾಗಿ ಅನುಭವಿ ಡ್ರೈವರ್ ತಟ್ಟನೆ ಒತ್ತುವುದಿಲ್ಲ, ಬಿಟ್ಟು ಬಿಟ್ಟು ಒತ್ತುತ್ತಾನೆ. ಹೊರಗೆ ನಿಂತವನಿಗೆ ಅದು ‘ನಿಲ್ಲಿಸುವ ಮನಸ್ಸಿಲ್ಲ’ ಎಂದು ಕಾಣುತ್ತದೆ. ತಪ್ಪು ತಿಳಿವಳಿಕೆ ಹುಟ್ಟುವುದು ಈ ಐವತ್ತು ಮೀಟರಿನಲ್ಲಿ.

ಲಾಠಿ ಹಿಡಿದವನ ಭಯ

ನಮ್ಮ ಕಟ್ಟಡದಲ್ಲಿ ಒಬ್ಬ ನಿವೃತ್ತ ಹವಾಲ್ದಾರರಿದ್ದಾರೆ, ಸಾತಾರಾ ಕಡೆಯವರು. ಈ ಕಥೆ ಹೇಳಿದಾಗ ಅವರು ಕೋಪ ಮಾಡಿಕೊಳ್ಳಲಿಲ್ಲ. ‘ಕೈ ಮುರಿದದ್ದು ತಪ್ಪೇ ಭಾವೂ. ಆದರೆ ನಿಮ್ಮ ಡ್ರೈವರಿಗೆ ನಾವು ಕಾಣಲಿಲ್ಲ ಅಂತೀರಿ. ನಮಗೆ ಗಾಡಿ ಮೈಮೇಲೆ ಬರುವುದು ಕಾಣುತ್ತಿತ್ತಲ್ಲ’ ಎಂದರು. ಆ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ.

ಅವರ ಭಯಕ್ಕೆ ಕಾರಣಗಳು ದೂರದಲ್ಲೇನೂ ಇಲ್ಲ. 2023ರ ಏಪ್ರಿಲ್‌ನಲ್ಲಿ ನಮ್ಮದೇ ನವಿ ಮುಂಬೈಯಲ್ಲಿ, ಕಾರು ತಡೆಯಲು ಹೋದ ಸಂಚಾರ ಪೊಲೀಸರೊಬ್ಬರನ್ನು ಚಾಲಕ ಬಾನೆಟ್ ಮೇಲೆ ಹೊತ್ತುಕೊಂಡೇ ವಾಶಿಯಿಂದ ಗವ್ಹಾಣ್ ಫಾಟಾವರೆಗೆ, ಸುಮಾರು 20 ಕಿ.ಮೀ. ಓಡಿಸಿದ. ಅವರು ಬದುಕಿದ್ದೇ ಪುಣ್ಯ. 2016ರ ಆಗಸ್ಟ್‌ನಲ್ಲಿ ಮುಂಬೈಯ ಖಾರ್‌ನಲ್ಲಿ ಹೆಲ್ಮೆಟ್ ಇಲ್ಲದ ಬಾಲಕನನ್ನು ತಡೆದ ಸಂಚಾರ ಕಾನ್‌ಸ್ಟೆಬಲ್ ವಿಲಾಸ್ ಶಿಂದೆ ತಲೆಗೆ ಪೆಟ್ಟು ಬಿದ್ದು ತೀರಿಕೊಂಡರು. 2023ರ ಜೂನ್‌ನಲ್ಲಿ ಕಲಬುರಗಿ ಜಿಲ್ಲೆಯ ಜೇವರ್ಗಿ ತಾಲ್ಲೂಕಿನಲ್ಲಿ ಮರಳು ಟ್ರ್ಯಾಕ್ಟರ್ ತಡೆಯಲು ಹೋದ ಹೆಡ್ ಕಾನ್‌ಸ್ಟೆಬಲ್ ಮೇಲೆ ಟ್ರ್ಯಾಕ್ಟರನ್ನೇ ಹರಿಸಿದರು. ಅದಕ್ಕೂ ಹಿಂದಿನ ವರ್ಷ ಹರಿಯಾಣದ ನೂಹ್‌ನಲ್ಲಿ ಡಿಎಸ್‌ಪಿ ಸುರೇಂದ್ರ ಸಿಂಗ್ ಗಣಿ ಡಂಪರ್‌ಗೆ ಬಲಿಯಾದರು.

ಮುಂಬೈಗೆ ನಾಕಾಬಂದಿ ಎಂದರೆ ಇನ್ನೂ ದೊಡ್ಡ ನೆನಪೊಂದಿದೆ. 2008ರ ನವೆಂಬರ್ 26ರ ರಾತ್ರಿ ಗಿರ್‌ಗಾಂವ್ ಚೌಪಾಟಿಯಲ್ಲಿ ಪೊಲೀಸರು ಬ್ಯಾರಿಕೇಡ್ ಹಾಕಿ ನಿಂತಿದ್ದರು. ಭಯೋತ್ಪಾದಕರು ಅಪಹರಿಸಿ ತಂದ ಸ್ಕೋಡಾ ಕಾರು ಅಲ್ಲಿಗೆ ಬಂತು. ಎಎಸ್‌ಐ ತುಕಾರಾಮ್ ಓಂಬಳೆ ಕೈಯಲ್ಲಿದ್ದದ್ದು ಲಾಠಿ. ಅವರು ಕಸಬ್‌ನ ಬಂದೂಕಿನ ನಳಿಗೆಯನ್ನೇ ಎರಡು ಕೈಯಲ್ಲಿ ಹಿಡಿದುಕೊಂಡರು, ಗುಂಡೆಲ್ಲ ತಮ್ಮ ಮೈಗೆ ತಗುಲಿದರೂ ಬಿಡಲಿಲ್ಲ. ಕಸಬ್ ಜೀವಂತ ಸಿಕ್ಕಿದ್ದು ಆ ಕಾರಣಕ್ಕೆ. ಓಂಬಳೆಯವರಿಗೆ ಮರಣೋತ್ತರ ಅಶೋಕ ಚಕ್ರ ಬಂತು. ಆ ರಾತ್ರಿಯ ನಂತರ ಬ್ಯಾರಿಕೇಡ್ ಹಿಂದೆ ನಿಂತ ಕಾನ್‌ಸ್ಟೆಬಲ್‌ಗೆ ಪ್ರತಿ ಕಾರಿನಲ್ಲಿ ಯಾರಿದ್ದಾರೋ ಎಂಬ ಅನುಮಾನ ಬಂದರೆ ಅದನ್ನು ತಪ್ಪೆನ್ನುವುದು ಹೇಗೆ?

ಭಯ ಕೈ ಮೀರಿದಾಗ

ಆದರೆ ಭಯಕ್ಕೆ ಕಾರಣವಿದೆ ಎಂದ ಮಾತ್ರಕ್ಕೆ ಏಟಿಗೆ ಕಾರಣ ಸಿಕ್ಕಂತಲ್ಲ. 2018ರ ಸೆಪ್ಟೆಂಬರ್ 29ರ ನಸುಕಿನಲ್ಲಿ ಲಖನೌದ ಗೋಮತಿ ನಗರದಲ್ಲಿ ಆಪಲ್ ಕಂಪನಿಯ ಅಧಿಕಾರಿಯೊಬ್ಬರು ಸಹೋದ್ಯೋಗಿಯನ್ನು ಮನೆಗೆ ಬಿಡಲು ಹೊರಟಿದ್ದರು. ಕಾರು ನಿಲ್ಲಿಸಲಿಲ್ಲ ಎಂದು ಕಾನ್‌ಸ್ಟೆಬಲ್ ಹೊಡೆದ ಗುಂಡು ಮುಂದಿನ ಗಾಜು ಸೀಳಿ ಹೋಯಿತು. ಅಧಿಕಾರಿ ಸತ್ತರು. ಕಾನ್‌ಸ್ಟೆಬಲ್ ಬಂಧನವಾಯಿತು, ಕೆಲಸವೂ ಹೋಯಿತು. ಅದೇ ವರ್ಷ ಮಾರ್ಚ್ 7ರಂದು ತಮಿಳುನಾಡಿನ ತಿರುಚ್ಚಿ ಬಳಿಯ ತುವಾಕುಡಿಯಲ್ಲಿ ಹೆಲ್ಮೆಟ್ ತಪಾಸಣೆಯಲ್ಲಿ ನಿಲ್ಲದ ಬೈಕನ್ನು ಇನ್‌ಸ್ಪೆಕ್ಟರ್ ಬೆನ್ನಟ್ಟಿ ಒದ್ದರು. ಹಿಂದೆ ಕೂತಿದ್ದ ಹೆಂಡತಿ ಬಿದ್ದು ಪ್ರಾಣ ಬಿಟ್ಟರು.

ನಮ್ಮ ರಾಜ್ಯವೂ ಹೊರತಲ್ಲ. 2025ರ ಮೇ 26ರಂದು ಮಂಡ್ಯದಲ್ಲಿ, ನಾಯಿ ಕಚ್ಚಿದ ಮಗಳನ್ನು ತಂದೆ-ತಾಯಿ ಬೈಕಿನಲ್ಲಿ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದರು. ಮಗುವಿಗೆ ನಾಲ್ಕು ವರ್ಷವೂ ತುಂಬಿರಲಿಲ್ಲ. ಪೊಲೀಸರು ಬೈಕ್ ತಡೆದಾಗ ಆಯ ತಪ್ಪಿ ಎಲ್ಲರೂ ಬಿದ್ದರು. ಹಿಂದಿನಿಂದ ಬಂದ ಲಾರಿ ಮಗುವಿನ ಮೇಲೆ ಹರಿಯಿತು. ಮೂವರು ಎಎಸ್‌ಐಗಳು ಅಮಾನತಾದರು. ಆ ದಿನ ಇಲ್ಲಿನ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಬೇರೆ ಮಾತೇ ಇರಲಿಲ್ಲ.

ನನ್ನ ಕಸುಬಿನವರನ್ನು ಹೆಚ್ಚು ಕಲಕಿದ್ದು ಕಾಶ್ಮೀರದ ಸುದ್ದಿ. 2025ರ ಫೆಬ್ರುವರಿ 5ರ ರಾತ್ರಿ ಬಾರಾಮುಲ್ಲಾ ಜಿಲ್ಲೆಯಲ್ಲಿ ಒಂದು ಟ್ರಕ್ ತಪಾಸಣೆಯಲ್ಲಿ ನಿಲ್ಲದೆ ಮುಂದೆ ಹೋಯಿತು, 23 ಕಿ.ಮೀ. ಬೆನ್ನಟ್ಟಿ ಟೈರಿಗೆ ಗುರಿಯಿಟ್ಟು ಗುಂಡು ಹಾರಿಸಲಾಯಿತು ಎಂದು ಸೇನೆ ಹೇಳಿತು. ಸತ್ತದ್ದು ಡ್ರೈವರ್. ಟೈರಿಗೆ ಇಟ್ಟ ಗುರಿ ಟೈರಿಗೇ ತಗುಲುತ್ತದೆ ಎಂಬುದು ಸಿನಿಮಾದ ಮಾತು. ತಗುಲಿದರೂ ಲಾರಿಗೆ ಹತ್ತು-ಹದಿನೆಂಟು ಟೈರ್ ಇರುತ್ತವೆ, ಒಂದು ಹೋದರೆ ಗಾಡಿ ನಿಲ್ಲುವುದಿಲ್ಲ. ಡ್ರೈವರಿಗೆ ತಗುಲಿದರೆ ಮೂವತ್ತು-ನಲವತ್ತು ಟನ್ನಿನ ಗಾಡಿಗೆ ಹೇಳುವವರು ಕೇಳುವವರು ಯಾರೂ ಇಲ್ಲ. ನ್ಯೂಯಾರ್ಕ್ ಪೊಲೀಸರು ಚಲಿಸುವ ವಾಹನದ ಮೇಲೆ ಗುಂಡು ಹಾರಿಸುವುದನ್ನು 1972ರಲ್ಲೇ ನಿಷೇಧಿಸಿದ್ದರು. ಬಹುಕಾಲದಿಂದ ಬಂದೂಕಿನ ಹಾವಳಿ ಇರುವ ನಗರವೇ ಈ ತೀರ್ಮಾನಕ್ಕೆ ಬಂದಿದ್ದು ಗಮನಿಸಬೇಕು.

ಅಪರಾಧ ಹೆಚ್ಚಿದ್ದರೆ?

‘ಅಪರಾಧ ಹೆಚ್ಚಿರುವ ಕಡೆ ಪೊಲೀಸರು ಬಿಗಿಯಾಗಿರಲೇಬೇಕು’ ಎಂಬ ವಾದ ನಮ್ಮ ಕಚೇರಿಯಲ್ಲೂ ಕೇಳುತ್ತೇನೆ. ಕೀನ್ಯಾದಲ್ಲಿ 2022ರ ಅಕ್ಟೋಬರ್ 23ರ ರಾತ್ರಿ, ಕದ್ದ ಕಾರು ಹುಡುಕುತ್ತಿದ್ದೆವು ಎಂದ ಪೊಲೀಸರು ರಸ್ತೆ ತಡೆಯಲ್ಲಿ ನಿಲ್ಲದ ಬೇರೆಯದೇ ಕಾರಿಗೆ ಗುಂಡು ಹೊಡೆದರು. ಒಳಗಿದ್ದದ್ದು ಪಾಕಿಸ್ತಾನದ ಪತ್ರಕರ್ತ ಅರ್ಷದ್ ಶರೀಫ್. ಅವರ ಹತ್ಯೆ ಕಾನೂನುಬಾಹಿರ ಎಂದು ಅಲ್ಲಿನ ನ್ಯಾಯಾಲಯವೇ 2024ರ ಜುಲೈನಲ್ಲಿ ಹೇಳಿತು. ಬ್ರೆಜಿಲ್‌ನ ಸೆರ್ಜಿಪೆ ರಾಜ್ಯದಲ್ಲಿ 2022ರ ಮೇ ತಿಂಗಳಲ್ಲಿ ಹೆಲ್ಮೆಟ್ ಇಲ್ಲದೆ ಬೈಕ್ ಓಡಿಸಿದವನನ್ನು ಹೆದ್ದಾರಿ ಪೊಲೀಸರು ಜೀಪಿನ ಡಿಕ್ಕಿಯೊಳಗೆ ಹಾಕಿ ಅಶ್ರುವಾಯು ಬಿಟ್ಟು ಕೊಂದರು. ಮೂವರಿಗೆ 20 ವರ್ಷಕ್ಕೂ ಮೀರಿದ ಜೈಲುಶಿಕ್ಷೆಯಾಯಿತು. ನೈಜೀರಿಯದಲ್ಲಿ ದರೋಡೆ ತಡೆಯಲೆಂದೇ ಕಟ್ಟಿದ ‘ಸಾರ್ಸ್’ ಪಡೆ, ರಸ್ತೆಯಲ್ಲಿ ಯುವಕರನ್ನು ನಿಲ್ಲಿಸಿ ಸುಲಿಗೆಗೆ ಇಳಿಯಿತು ಎಂಬ ಸಿಟ್ಟು 2020ರ ಅಕ್ಟೋಬರ್‌ನಲ್ಲಿ ಬೀದಿಗೆ ಬಂತು. ಸರ್ಕಾರ ಆ ಪಡೆಯನ್ನೇ ವಿಸರ್ಜಿಸಬೇಕಾಯಿತು.

ಇವು ಮೂರೂ ಅಪರಾಧಕ್ಕೆ ಹೆಸರಾದ ದೇಶಗಳೇ. ಹೊಡೆತವೊಂದರಿಂದಲೇ ಅಪರಾಧ ತಗ್ಗುತ್ತದೆ ಎಂದು ನನಗನ್ನಿಸುವುದಿಲ್ಲ. ಹೊಡೆತದ ಭಯವಿದ್ದರೆ ಬ್ಯಾರಿಕೇಡ್ ಕಂಡು ನಿಲ್ಲುವ ಬದಲು ಓಡಬೇಕು ಎನಿಸಬಹುದು. ಹೆದರಿದವನೂ ಓಡುತ್ತಾನೆ, ಕಳ್ಳನೂ ಓಡುತ್ತಾನೆ. ಇಬ್ಬರೂ ಒಂದೇ ರೀತಿ ಕಾಣತೊಡಗಿದರೆ ತಪಾಸಣೆಗೆ ಅರ್ಥವೇ ಉಳಿಯುವುದಿಲ್ಲ. ಅಪರಾಧ ವಿಪರೀತ ಇರುವ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯ ಕೂಡ, ಓಡಿಹೋಗುತ್ತಿದ್ದಾನೆ ಎಂಬ ಒಂದೇ ಕಾರಣಕ್ಕೆ ಗುಂಡು ಹಾರಿಸುವಂತಿಲ್ಲ, ಅವನಿಂದ ಗಂಭೀರ ಅಪಾಯವಿರಬೇಕು ಎಂದು 2002ರಲ್ಲಿ ತೀರ್ಪಿತ್ತಿತು. ಇದಕ್ಕೆ ವ್ಯತಿರಿಕ್ತವಾಗಿ, ಅಷ್ಟೇನೂ ಅಪರಾಧವಿಲ್ಲದ ಫ್ರಾನ್ಸ್ 2017ರಲ್ಲಿ ನಿಲ್ಲದ ವಾಹನದ ಮೇಲೆ ಗುಂಡು ಹಾರಿಸುವ ಅವಕಾಶವನ್ನು ಕಾನೂನಿನಲ್ಲಿ ವಿಸ್ತರಿಸಿತು. 2022ರಲ್ಲಿ ಇಂಥ ತಪಾಸಣೆಗಳಲ್ಲಿ 13 ಮಂದಿ ಸತ್ತರು. 2023ರ ಜೂನ್ 27ರಂದು ನಾಂತೇರ್‌ನಲ್ಲಿ 17 ವರ್ಷದ ಹುಡುಗ ಸತ್ತಾಗ ಇಡೀ ದೇಶ ಹೊತ್ತಿ ಉರಿಯಿತು.

ನಮ್ಮ ಕಾನೂನು ಹೇಳುವುದೇನು?

ಪೊಲೀಸರು ನಿಲ್ಲಿಸಿದರೆ ನಿಲ್ಲಬೇಕು, ಇದರಲ್ಲಿ ಎರಡು ಮಾತಿಲ್ಲ. ಸಮವಸ್ತ್ರದಲ್ಲಿರುವ ಪೊಲೀಸ್ ಅಧಿಕಾರಿ ಕೇಳಿದರೆ ಲೈಸೆನ್ಸ್ ತೋರಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 130ನೇ ಕಲಂ ಹೇಳುತ್ತದೆ. ಡಿಜಿಲಾಕರ್, ಎಂ-ಪರಿವಾಹನ್ ಆ್ಯಪಿನಲ್ಲಿರುವ ದಾಖಲೆಗೂ ಮಾನ್ಯತೆ ಇದೆ. ಆದೇಶ ಪಾಲಿಸದಿದ್ದರೆ 179ನೇ ಕಲಂ ಪ್ರಕಾರ ದಂಡ. 2019ರ ತಿದ್ದುಪಡಿಯ ನಂತರ ಅದು 2,000 ರೂಪಾಯಿವರೆಗೆ. ಇನ್ನೊಮ್ಮೆ ಓದಿ: ದಂಡ. ಮೊಣಕೈ ಅಲ್ಲ.

ಬಂಧಿಸುವಾಗ ಎದುರಿಸಿದರೆ ಅಗತ್ಯವಿದ್ದಷ್ಟು ಬಲ ಬಳಸಲು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 43ನೇ ಕಲಂ ಅವಕಾಶ ಕೊಡುತ್ತದೆ. ಹಿಂದೆ ಸಿಆರ್‌ಪಿಸಿಯ 46ನೇ ಕಲಂನಲ್ಲಿ ಇದ್ದದ್ದೇ ಇದು. ಜತೆಗೆ ಅದೇ ಕಲಂ ಗೆರೆಯನ್ನೂ ಎಳೆದಿದೆ: ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಯ ಅಪರಾಧದ ಆರೋಪ ಇಲ್ಲದವನ ಪ್ರಾಣ ತೆಗೆಯುವ ಹಕ್ಕು ಈ ಕಲಂನಿಂದ ಸಿಗುವುದಿಲ್ಲ. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಿಕೊಳ್ಳುವ ಆತ್ಮರಕ್ಷಣೆಯ ಹಕ್ಕು ಪೊಲೀಸರಿಗೂ ಇದೆ, ಅದು ಬೇರೆ ವಿಷಯ. ನಿಂತುಹೋದ ಗಾಡಿಯೊಳಗೆ ಕೂತವನ ಮೇಲೆ ಲಾಠಿ ಬೀಸುವುದು ಬಂಧನವೂ ಅಲ್ಲ, ಆತ್ಮರಕ್ಷಣೆಯೂ ಅಲ್ಲ.

ಮಂಡ್ಯದ ದುರಂತದ ನಂತರ ಕರ್ನಾಟಕದ ಪೊಲೀಸ್ ಮುಖ್ಯಸ್ಥ ಎಂ.ಎ. ಸಲೀಂ ಹೊರಡಿಸಿದ ಸೂಚನೆಗಳು ನನಗೆ ಹಿಡಿಸಿದವು. ಕಣ್ಣಿಗೆ ಕಾಣುವ ಉಲ್ಲಂಘನೆ ಇಲ್ಲದೆ ಬರೀ ದಾಖಲೆಗಾಗಿ ವಾಹನ ತಡೆಯಬೇಡಿ, ಓಡುವ ವಾಹನದ ಮುಂದೆ ಏಕಾಏಕಿ ಹೋಗಬೇಡಿ, ಹಿಂಬದಿ ಸವಾರರನ್ನು ಹಿಡಿದು ಎಳೆಯಬೇಡಿ, ಕೀಲಿ ಕಿತ್ತುಕೊಳ್ಳಬೇಡಿ, ತಪ್ಪಿಸಿಕೊಂಡವರನ್ನು ಬೆನ್ನಟ್ಟುವ ಬದಲು ನಂಬರ್ ಬರೆದುಕೊಂಡು ಕಂಟ್ರೋಲ್ ರೂಮಿಗೆ ತಿಳಿಸಿ ಎಂಬರ್ಥದ ಮಾತುಗಳು ಅಲ್ಲಿವೆ. ಇದರಲ್ಲಿ ದುಡ್ಡು ಖರ್ಚಾಗುವುದು ಯಾವುದೂ ಇಲ್ಲ. ಇದನ್ನು ಹೀಗೆ ಬರೆದು ಗಟ್ಟಿಯಾಗಿ ಹೇಳಲು ಒಂದು ಮಗು ಸಾಯಬೇಕಾಯಿತು ಎಂಬುದೇ ಬೇಸರ.

ನಾಕಾಬಂದಿಯನ್ನೇ ಸರಿ ಮಾಡಬಹುದು

ನಿವೃತ್ತ ಹವಾಲ್ದಾರರ ಜತೆ ಮಾತಾಡುತ್ತಾ ಮಾತಾಡುತ್ತಾ ನಾವಿಬ್ಬರೂ ಒಂದೇ ಕಡೆ ಬಂದು ನಿಂತೆವು. ಲಾಠಿ ಬೇಕೇ ಬೇಡವೇ ಎಂಬುದು ಕೊನೆಯ ಪ್ರಶ್ನೆ. ಲಾಠಿಯ ಅಗತ್ಯವೇ ಬರದಂತೆ ತಡೆ ಹಾಕುವುದು ಹೇಗೆ ಎಂಬುದು ಮೊದಲನೆಯದು. ತಿರುವಿನಲ್ಲಿ ಬೇಡ, ನೇರ ರಸ್ತೆಯಲ್ಲಿ ಹಾಕಿ. ನೂರು, ಇನ್ನೂರು ಮೀಟರ್ ಮುಂಚೆಯೇ ಹೊಳೆಯುವ ಫಲಕ, ಮಿಣುಕುವ ದೀಪ ಇಡಿ. ಬ್ಯಾರಿಕೇಡ್ ಮೇಲೆ ಬೆಳಕು ಇರಲಿ, ಸಿಬ್ಬಂದಿ ಮೈಮೇಲೆ ಹೊಳೆಯುವ ಜಾಕೆಟ್ ಇರಲಿ, ಅವರು ವಾಹನದ ದಾರಿಯಲ್ಲಲ್ಲ, ಪಕ್ಕದಲ್ಲಿ ನಿಲ್ಲಲಿ. ಎದೆಯ ಮೇಲೆ ಕ್ಯಾಮೆರಾ ಇದ್ದರೆ ಸುಳ್ಳು ಆರೋಪದಿಂದ ಪೊಲೀಸರಿಗೂ ರಕ್ಷಣೆ, ಏಟಿನಿಂದ ಡ್ರೈವರಿಗೂ ರಕ್ಷಣೆ.

‘ನಮ್ಮ ಕಾಲದಲ್ಲಿ ಓಡಿದವನು ಕೈಗೆ ಸಿಗುತ್ತಿರಲಿಲ್ಲ, ಅದಕ್ಕೇ ಸಿಟ್ಟು’ ಎಂದರು ಹವಾಲ್ದಾರರು. ಈಗ ಎಕ್ಸ್‌ಪ್ರೆಸ್‌ವೇ ಉದ್ದಕ್ಕೂ ನಂಬರ್ ಪ್ಲೇಟ್ ಓದುವ ಕ್ಯಾಮೆರಾಗಳಿವೆ, ಪ್ರತಿ ಟೋಲಿನಲ್ಲಿ ಫಾಸ್ಟ್ಯಾಗ್ ಇದೆ, ನಮ್ಮ ಗಾಡಿಗಳಲ್ಲಿ ಜಿಪಿಎಸ್ ಇದೆ. ಕಳಂಬೋಲಿಯಲ್ಲಿ ನಿಲ್ಲದ ಟ್ರೇಲರ್ ಮುಂದಿನ ಟೋಲ್ ತಪ್ಪಿಸಿ ಎಲ್ಲಿಗೆ ಹೋದೀತು? ಬಿಟ್ಟು ಹಿಡಿಯುವ ಅವಕಾಶವಿರುವಾಗ ಹೊಡೆದು ಹಿಡಿಯುವುದು ಅವಸರದ ಕೆಲಸ.

ನಮ್ಮ ಕಡೆಯಿಂದ ಆಗಬೇಕಾದದ್ದೂ ಇದೆ. ಆ ಘಟನೆಯ ನಂತರ ಕಚೇರಿಯಲ್ಲಿ ಕೆಲವು ಬದಲಾವಣೆ ಮಾಡಿದ್ದೇವೆ. ಕ್ಯಾಬಿನ್ನಿನಲ್ಲಿ ಕ್ಯಾಮೆರಾ ಹಾಕಿಸಿದೆವು. ದಾಖಲೆಗಳ ಒಂದು ಪ್ರತಿಯನ್ನು ಪಾರದರ್ಶಕ ಚೀಲದಲ್ಲಿ ಕಿಟಕಿಯ ಪಕ್ಕವೇ ಇಟ್ಟುಕೊಳ್ಳಲು ಹೇಳಿದೆವು. ಡ್ರೈವರುಗಳಿಗೆ ಹೇಳುವುದು ಇಷ್ಟೇ: ತಡೆ ಕಂಡ ಕೂಡಲೇ ಇಂಡಿಕೇಟರ್ ಹಾಕಿ, ಹೆಡ್‌ಲೈಟ್ ತಗ್ಗಿಸಿ, ನಿಂತ ಮೇಲೆ ಒಳಗಿನ ದೀಪ ಹಚ್ಚಿ, ಎರಡೂ ಕೈ ಸ್ಟೇರಿಂಗ್ ಮೇಲೆ ಕಾಣುವಂತಿಡಿ, ವಾದ ಮಾಡಬೇಡಿ, ಅವರ ಎದೆಯ ಮೇಲಿನ ಹೆಸರು ನೆನಪಿಟ್ಟುಕೊಳ್ಳಿ. ಪೆಟ್ಟಾದರೆ ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ತೋರಿಸಿ ಕಾಗದ ಮಾಡಿಸಿಕೊಳ್ಳಿ, ಮಾಲು ಆಮೇಲೆ. ಈ ಕೊನೆಯ ಸೂಚನೆ ನಾನು ನನಗೇ ಕೊಟ್ಟುಕೊಂಡದ್ದು.

ಇಂಡಿಯ ಆ ಡ್ರೈವರ್ ಈಗ ಮತ್ತೆ ಅದೇ ದಾರಿಯಲ್ಲಿ ಓಡಾಡುತ್ತಿದ್ದಾರೆ. ಕೈ ಪೂರ್ತಿ ಮಡಚುವುದಿಲ್ಲ. ಗೇರ್ ಹಾಕುವುದು ಎಡಗೈ, ಪೆಟ್ಟು ಬಿದ್ದದ್ದು ಬಲಗೈ, ಹಾಗಾಗಿ ಕೆಲಸ ಉಳಿಯಿತು ಎಂದು ಅವರೇ ಸಮಾಧಾನ ಹೇಳುತ್ತಾರೆ. ಹೋದ ವಾರ ಹೊರಡುವ ಮುಂಚೆ ಅವರನ್ನು ಕೇಳಿದೆ, ‘ಬ್ಯಾರಿಕೇಡ್ ಕಂಡ್ರ ಈಗೂ ಹೆದರಿಕಿ ಆಗತದೇನ್ರಿ?’ ಅವರು ಸರಪಳಿ ಬಿಗಿ ಮಾಡುತ್ತಾ ಹೇಳಿದರು: ‘ನನಗಷ್ಟ ಅಲ್ರಿ ಸರ, ಅಲ್ಲಿ ನಿಂತ ಹುಡುಗನ ಮುಖಾ ನೋಡ್ರಿ, ಅವಗೂ ಹೆದರಿಕಿನ. ಒಂದು ಲೈಟ್ ಹಚ್ಚಿದ್ರ ಇಬ್ಬರಿಗೂ ಚಲೋ ಆಗತಿತ್ತು.’